ಚೋರ್ ಬಜಾರಿನಲ್ಲಿ ಲಕ್ಷ್ಮಿಯ ಪಟವನ್ನರಸಿ

ಮುಂಬಯಿಯ ಮಾಟುಂಗಾದಲ್ಲಿ ಬಂಧುಗಳ ಮನೆಯ ಮದುವೆಯು ಮುಗಿದು, ನಾವು ಊರಿಗೆ ಹೊರಡಲು ಇನ್ನೂ ಮೂರು ದಿನಗಳಿದ್ದುವು. ಈ ಬಿಡುವಿನಲ್ಲಿ ಮಾಡತಕ್ಕ ಕೆಲಸವೊಂದನ್ನು ನಮ್ಮ ತಾಯಿಯವರು ಮೊದಲೇ ಒಪ್ಪಿಸಿದ್ದರು. ಹಳೆಯ ಮನೆ ಪಾಲಾದಾಗ ದೇವರ ಕೋಣೆಯಲ್ಲಿದ್ದ ರವಿವರ್ಮನ ಲಕ್ಷ್ಮಿಯ ಪಟವು ಎಲ್ಲಿ ಹೋಯಿತೆಂಬುದು ತಿಳಿಯದೆ, ಎಂಬತ್ತು ದಾಟಿದ ಅವರಿಗೆ ಅದೊಂದು ಕೊರಗಾಗಿ ಉಳಿದಿದ್ದಿತು. “ಹೊಸದು ಬೇಡಪ್ಪ, ಅಂಥಾದ್ದೇ ಹಳೆಯದು ಸಿಕ್ಕಿದರೆ ತಾ” ಎಂದಿದ್ದರು.

ಗ್ರಾಂಟ್ ರೋಡ್ ನಿಲ್ದಾಣದಲ್ಲಿಳಿದು, ಭಾವಮೈದುನನನ್ನು ಜೊತೆಮಾಡಿಕೊಂಡು ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹೋದೆವು. ಗದ್ದಲವೆಂಬ ಅರ್ಥದ ‘ಶೋರ್’ ಎಂಬುದೇ ಆಂಗ್ಲರ ಬಾಯಲ್ಲಿ ‘ಚೋರ್’ ಆಯಿತೆಂದು ಹೇಳುವವರುಂಟು. ಆ ದಿನದ ಗದ್ದಲವನ್ನು ನೋಡಿದರೆ ಒಪ್ಪತಕ್ಕ ಮಾತೇ. ಗ್ರಾಮಫೋನಿನ ಕಹಳೆಗಳು, ಹಡಗಿನ ದೀಪಗಳು, ಸಿನಿಮಾ ಪಟಗಳು ಇವುಗಳ ನಡುವೆ ಒಂದು ಅಂಗಡಿಯಲ್ಲಿ ನಮ್ಮ ಲಕ್ಷ್ಮಿಯು ಕಂಡಳು. ತಾವರೆಯ ಮೇಲೆ ನಿಂತ ಅದೇ ಮೂರ್ತಿ. ಕಂದಿದ ಕಾಗದ, ಹಳೆಯ ತೇಗದ ಚೌಕಟ್ಟು, ಅಡಿಯಲ್ಲಿ ‘ರವಿವರ್ಮ ಪ್ರೆಸ್’ ಎಂಬ ಆಂಗ್ಲ ಅಕ್ಷರಗಳು. ಬೆಲೆ ಹದಿನೆಂಟು ಸಾವಿರ ರೂಪಾಯಿ. ಹಣವನ್ನು ಎಣಿಸುವುದರಲ್ಲಿದ್ದೆವು. ಪಕ್ಕದಲ್ಲಿ ಚೌಕಟ್ಟು ಕಟ್ಟುತ್ತಿದ್ದ ಮುದುಕರೊಬ್ಬರು ಮಾತಿಲ್ಲದೆ ತಮ್ಮ ಭೂತಗನ್ನಡಿಯನ್ನು ನಮ್ಮ ಕೈಗಿತ್ತರು.

ಅದರಲ್ಲಿ ಕಂಡದ್ದನ್ನು ವಾಚಕರಿಗೆ ಸ್ವಲ್ಪ ವಿವರಿಸಬೇಕು. ರವಿವರ್ಮನ ಪಟಗಳು ಕಲ್ಲಚ್ಚಿನವು. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಕಲ್ಲನ್ನು ನೀರಿನಿಂದ ತೋಯಿಸಿ ಬಣ್ಣ ಹಚ್ಚಿದರೆ, ಜಿಡ್ಡಿರುವಲ್ಲಿ ಮಾತ್ರ ಬಣ್ಣವು ನಿಲ್ಲುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಕೆನ್ನೆಯ ನಸುಗೆಂಪಿಗಾಗಿ ಕುಶಲಿಗಳು ಕೈಯಿಂದಲೇ ಚುಕ್ಕೆಗಳನ್ನಿಡುತ್ತಿದ್ದರು. ಆದುದರಿಂದ ಚುಕ್ಕೆ ಕಂಡೊಡನೆ ನಕಲೆಂದು ತಳ್ಳಿಬಿಡಲಾಗದು. ಕೈಯಿಟ್ಟ ಚುಕ್ಕೆ ಒಂದು ದೊಡ್ಡದು, ಒಂದು ಚಿಕ್ಕದು; ಒಂದೆಡೆ ಒತ್ತಾಗಿ, ಒಂದೆಡೆ ವಿರಳವಾಗಿ ಬಿದ್ದಿರುತ್ತದೆ. ಈಗಿನ ಆಫ್‌ಸೆಟ್ ಮುದ್ರಣದಲ್ಲಾದರೋ ಹಳದಿ, ಕೆಂಪು, ನೀಲಿ, ಕಪ್ಪು ಈ ನಾಲ್ಕೇ ಬಣ್ಣಗಳ ಚುಕ್ಕೆಗಳು ಸಾಲುಹಿಡಿದು ಪುಟ್ಟ ಪುಟ್ಟ ಹೂವಿನಂತೆ ಕೂಡಿರುತ್ತವೆ. ನಮ್ಮ ಲಕ್ಷ್ಮಿಯ ಕೆನ್ನೆಯ ತುಂಬ ಆ ಹೂವುಗಳೇ! ಕಾಗದದ ಕಂದು ಬಣ್ಣವೂ ಹಿಂದೆ ಮುಂದೆ ಒಂದೇ ಸಮನಾಗಿದ್ದಿತು. ಚಹದ ನೀರಿನಲ್ಲಿ ಅದ್ದಿದ್ದಾರೆಂದು ಮುದುಕರು ಮೆಲ್ಲನೆ ಹೇಳಿದರು. ಹಳೆಯದಾಗಿದ್ದುದು ಚೌಕಟ್ಟೊಂದೇ. ಅಡಿಯ ಅಕ್ಷರಗಳು? ಚಿತ್ರವನ್ನೇ ನಕಲು ಮಾಡಿದವನಿಗೆ ಅಕ್ಷರಗಳು ಹೆಚ್ಚೇ?

ಈಚಿನ ಕಲಾವಿದರು ಐವತ್ತೇ ಅಚ್ಚು ತೆಗೆದು, ಸೀಸದಕಡ್ಡಿಯಿಂದ 12/50 ಎಂದು ಬರೆದು ಸಹಿ ಮಾಡುವ ಪದ್ಧತಿಯುಂಟು. ನಮ್ಮ ಪಟಗಳಿಗೆ ಆ ಲೆಕ್ಕವಿಲ್ಲ. ಇದ್ದರೂ ಸೀಸದಕಡ್ಡಿ ಎಲ್ಲರ ಬಳಿಯೂ ಇರುತ್ತದಷ್ಟೆ.

ಮರುದಿನ ಲೋಣಾವಳದ ಆಚೆಯ ಮಳವಳಿ ಎಂಬ ಸಣ್ಣ ನಿಲ್ದಾಣದಲ್ಲಿಳಿದೆವು. ಇಲ್ಲಿಂದ ಭಾಜಾ ಗುಹೆಗಳಿಗೆ ಹೋಗುವವರೇ ಹೆಚ್ಚು. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮನ ಅಚ್ಚುಕೂಟವು 1899ರಲ್ಲಿ ಇಲ್ಲಿಗೆ ಬಂದಿತು. ತರುವಾಯ ಸಾಲದ ಹೊರೆ ತಾಳಲಾರದೆ ಷ್ಲೈಖರ್ ಎಂಬ ಜರ್ಮನ್ ತಂತ್ರಜ್ಞನ ಕೈಸೇರಿತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ತೈಲಚಿತ್ರಗಳನ್ನು ಕಂಡವರು ಬಲ್ಲರು, ಅಂಥವು ಅರಸರಿಗೇ ಸಲ್ಲತಕ್ಕವು; ಉಳಿದ ಮನೆಗಳಿಗೆ ದೇವರು ಬಂದುದು ಈ ಕಲ್ಲುಗಳ ಮೂಲಕ. ರವಿವರ್ಮನು 1906ರಲ್ಲಿ ತೀರಿಕೊಂಡ ಮೇಲೂ ಇಲ್ಲಿ ಪಟಗಳು ಅಚ್ಚಾಗುತ್ತಲೇ ಇದ್ದುವಾದುದರಿಂದ, ಈ ಪ್ರೆಸ್ಸಿನ ಪಟವೆಲ್ಲ ಅವನ ಕಾಲದ್ದೇ ಎಂದು ತಿಳಿಯಲಾಗದು. 1972ರ ಬೆಂಕಿಯಲ್ಲಿ ಅಚ್ಚುಕೂಟವು ಸುಟ್ಟುಹೋಯಿತು. ಮಳೆಗಾಲದ ಹಸಿರನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದು, ಬಂದ ದಾರಿಯನ್ನೇ ಹಿಡಿದೆವು.

ಮೂರನೆಯ ದಿನ ಪುನಃ ಆ ಮುದುಕರಲ್ಲಿಗೇ ಹೋದೆವು. ಅವರು ಗೋಣಿಯ ಕೆಳಗಿನಿಂದ ಇನ್ನೊಂದು ಲಕ್ಷ್ಮಿಯನ್ನು ತೆಗೆದರು. ಹಿಂದೆ ಯಾರೋ ಚೌಕಟ್ಟಿಗೆ ಹೊಂದಿಸಲು ಅಡಿಯ ಅಂಚನ್ನು ಕತ್ತರಿಸಿದ್ದುದರಿಂದ ಪ್ರೆಸ್ಸಿನ ಹೆಸರೇ ಇಲ್ಲ. ನೀರು ತಗಲಿ ಆನೆಯ ಸೊಂಡಿಲು ಅರ್ಧ ಮಾಸಿದೆ. ಆದರೆ ಓರೆಯಾಗಿ ಹಿಡಿದರೆ ಬಟ್ಟೆಯ ನೆಯ್ಗೆಯಂಥ ಉಬ್ಬು, ಬಿರಿದ ಮೆರುಗೆಣ್ಣೆ. ಕನ್ನಡಿಯಲ್ಲಿ ಎಷ್ಟು ಹುಡುಕಿದರೂ ಸಾಲುಹಿಡಿದ ಚುಕ್ಕೆಯಿಲ್ಲ. “ಹೆಸರಿಲ್ಲದ್ದನ್ನು ಒಯ್ದರೆ ಅಮ್ಮ ಒಪ್ಪುತ್ತಾರೆಯೆ, ಭಾವ?” ಎಂದು ಭಾವಮೈದುನನು ಸಂಶಯಪಟ್ಟನು. ಆರು ಸಾವಿರ ಕೊಟ್ಟು ತಂದೆವು.

ಊರಿನಲ್ಲಿ ತಾಯಿಯವರು ಪಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ನಮ್ಮದರಲ್ಲಿ ಸೊಂಡಿಲು ಪೂರಾ ಇತ್ತು” ಎಂದರು. ಸಂಜೆಗೆ ತಾವೇ ಬಡಗಿಯನ್ನು ಕರೆಸಿ, ಅಂಚನ್ನು ಇನ್ನು ಎಳ್ಳಷ್ಟೂ ಕತ್ತರಿಸಕೂಡದೆಂದು ಹೇಳಿ ಅಳತೆ ಕೊಟ್ಟರು.