ಇಷಾಪುರದ ಕೋವಿ, ಲ್ಯಾಂಕಾಸ್ಟರ್‌ನ ಗ್ಯಾರೇಜು

ಫಿಲಡೆಲ್ಫಿಯಾದಿಂದ ಪಶ್ಚಿಮಕ್ಕೆ ಒಂದೂವರೆ ಗಂಟೆ ಕಾರು ಓಡಿಸಿದರೆ ನಾನಿರುವ ಲ್ಯಾಂಕಾಸ್ಟರ್ ಕೌಂಟಿ. ಸೆಪ್ಟೆಂಬರ್‌ನಲ್ಲಿ ರಸ್ತೆಯ ಎರಡೂ ಕಡೆ ಆಳೆತ್ತರದ ಮುಸುಕಿನ ಜೋಳ, ಮುಂದೆ ಆಮಿಶ್ ಜನರ ಕುದುರೆ ಗಾಡಿ. ಸಗಣಿ ವಾಸನೆ ಬಂದರೆ ಕಾರಿನ ಕಿಟಕಿ ಇಳಿಸುವ ಹಾಸನದವನು ನಾನು.

ಇಲ್ಲಿ ಜಿಂಕೆ ಬೇಟೆ ಅಂದ್ರೆ ಊರ ಹಬ್ಬ, ಮನೆಮನೆಯಲ್ಲೂ ಕೋವಿ. ಪಕ್ಕದ ಮನೆಯ ಅಜ್ಜ ಒಂದು ಶನಿವಾರ ಬೆಳಿಗ್ಗೆ ಕರೆದರು. "ನಿಮ್ಮ ದೇಶದ್ದೊಂದು ನನ್ನ ಹತ್ತಿರ ಇದೆ, ನೋಡ್ತೀಯಾ?"

ಗ್ಯಾರೇಜಿನ ಮೇಜಿನ ಮೇಲೆ ಹಳೇ ರೈಫಲ್. ಗ್ರೀಸು ಗಟ್ಟಿಯಾಗಿ ಕೊಪ್ಪರಿಗೆ ತಳದ ಬೆಲ್ಲದ ಥರ ಅಂಟಿಕೊಂಡಿತ್ತು. ಒರೆಸಿದರೆ ಕಬ್ಬಿಣದ ಮೇಲೆ ಅಕ್ಷರ ಕಂಡವು: ಆರ್‌ಎಫ್‌ಐ, 1966. ಕೋಲ್ಕತ್ತದ ಉತ್ತರಕ್ಕೆ ಹೂಗ್ಲಿ ದಂಡೆಯಲ್ಲಿರೋ ರೈಫಲ್ ಫ್ಯಾಕ್ಟರಿ ಇಷಾಪುರ! 1962ರ ಚೀನಾ ಯುದ್ಧದಲ್ಲಿ ನಮ್ಮ ಸೈನಿಕರ ಕೈಯಲ್ಲಿದ್ದದ್ದು ಬ್ರಿಟಿಷರ ಕಾಲದ ತ್ರೀ ನಾಟ್ ತ್ರೀ. ಅದರ ನಂತರ ಅದೇ ವಿನ್ಯಾಸವನ್ನು 7.62 ಮಿ.ಮೀ. ಗುಂಡಿಗೆ ಹೊಂದಿಸಿ ಇಷಾಪುರದಲ್ಲಿ ಮಾಡಿದ್ದು ಈ ಟೂಎ ಒನ್. ಹಳೆಯದರಲ್ಲಿ ಹತ್ತು ಗುಂಡು ಹಿಡಿದರೆ ಇದರಲ್ಲಿ ಹನ್ನೆರಡು. ಆಮೇಲೆ ಸೇನೆಗೆ ಬೇಡವಾಗಿ ಅಮೆರಿಕದ ಅಂಗಡಿಗಳಿಗೆ ಬಂದವು.

ಅಜ್ಜನ ಕೈಯಲ್ಲಿ ಮರಳು ಕಾಗದ ಸಿದ್ಧವಿತ್ತು. ಮರವನ್ನೆಲ್ಲ ಉಜ್ಜಿ, ಪಳಪಳ ಪಾಲಿಶ್ ಹಾಕಿ ಮೊಮ್ಮಗನಿಗೆ ಕೊಡುವ ಆಸೆ. ನನಗೆ ಅಪ್ಪ ನೆನಪಾದರು. ಅಪ್ಪ ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ ಆರ್ಮರರ್ ಆಗಿದ್ದವರು, ಸರ್ವಿಸ್ ಪೂರ್ತಿ ತ್ರೀ ನಾಟ್ ತ್ರೀ ರಿಪೇರಿ ಮಾಡಿದವರು. ರಿಟೈರ್ ಆದ ಮೇಲೆ ಆ ಬಗ್ಗೆ ತುಟಿ ಬಿಚ್ಚಿಲ್ಲ. ಫೋನಲ್ಲಿ ನಮ್ಮ ಮಾತು "ಊಟ ಆಯ್ತಾ" ದಾಟುತ್ತಿರಲಿಲ್ಲ. ನಮಗೆ ಬೆಳಿಗ್ಗೆ ಒಂಬತ್ತು, ಅಲ್ಲಿ ಸಂಜೆ ಆರೂವರೆ. ವಿಡಿಯೊ ಕಾಲ್ ಮಾಡಿದೆ.

ನೋಡಿದ ತಕ್ಷಣ, "ಖಾಲಿ ಐತಾ? ಬೋಲ್ಟ್ ಎಳೆದು ಬೆರಳು ಹಾಕಿ ನೋಡು" ಅಂದರು. ಖಾಲಿ ಇತ್ತು. ಬೋಲ್ಟನ್ನು ಪೂರ್ತಿ ಹಿಂದಕ್ಕೆ ಎಳೆದು, ಅದರ ತಲೆಯನ್ನು ಮೇಲಕ್ಕೆ ತಿರುಗಿಸಿದರೆ ಹೊರಬಂತು. ಅಜ್ಜ ಬಟ್‌ನ ಹಿಂದಿನ ಉದ್ದ ಬೋಲ್ಟಿಗೆ ಸ್ಕ್ರೂಡ್ರೈವರ್ ಇಟ್ಟರು ನೋಡಿ, ಹಾಸನದಿಂದ ಕೂಗು: "ಏಯ್, ಅದ್ನ ಮುಟ್‌ಬ್ಯಾಡ ಅನ್ನು!"

ಆ ಬೋಲ್ಟಿನ ತುದಿ ಚೌಕಾಕಾರ. ಅದು ಮುಂದಿನ ಮರದೊಳಗಿನ ತಗಡಿಗೆ ಕಚ್ಚಿಕೊಂಡಿರುತ್ತೆ. ಮುಂದಿನ ಮರ ಬಿಚ್ಚದೆ ತಿರುಗಿಸಿದರೆ ಮರ ಸೀಳಿಬಿಡುತ್ತೆ. "ಹೊಸ ಹುಡುಗ್ರು ಎಷ್ಟು ಸೀಳವ್ರೆ ಗೊತ್ತಾ?" ಅಪ್ಪ ನಕ್ಕರು. ಅವರು ನಗುವುದನ್ನು ನೋಡಿ ಎಷ್ಟು ದಿನವಾಗಿತ್ತೋ.

ಮುಂದಿನಿಂದ ಹಿಂದಕ್ಕೆ ಬಿಚ್ಚುತ್ತಾ ಬಂದೆವು. ಸ್ಕ್ರೂಗಳೆಲ್ಲ ಮೊಟ್ಟೆ ಟ್ರೇಯಲ್ಲಿ, ಕ್ರಮವಾಗಿ. ಕಬ್ಬಿಣದ ಗ್ರೀಸು ಪೇಂಟ್ ಥಿನ್ನರ್‌ಗೆ ಬಿಟ್ಟಿತು. ಮರವನ್ನು ಕಪ್ಪು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಬಿಸಿಲಿಗಿಟ್ಟೆವು, ಗ್ರೀಸು ಬೆವರಿನಂತೆ ಹೊರಬಂತು. ಒರೆಸು, ಮತ್ತೆ ಇಡು. ಎರಡು ವಾರಾಂತ್ಯ ಇದೇ ಕೆಲಸ.

ಒರೆಸಿದ ಮರದ ಮೇಲೆ ಸಣ್ಣ ಸಣ್ಣ ಮುದ್ರೆಗಳು ಕಂಡವು. "ಮರಳು ಕಾಗದ ಹಾಕಿದ್ರೆ ಇವೆಲ್ಲ ಹೋಯ್ತು. ಆಮೇಲೆ ಅದು ಬರೀ ಕಟ್ಟಿಗೆ" ಅಂದರು ಅಪ್ಪ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅಜ್ಜ ಕೊಂಚ ಹೊತ್ತು ಸುಮ್ಮನಿದ್ದು ಕಾಗದವನ್ನು ಡ್ರಾಯರ್‌ಗೆ ಹಾಕಿದರು. ತಗ್ಗು ಬಿದ್ದ ಕಡೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿದೆವು, ಹಬೆಗೆ ಮರ ಉಬ್ಬಿ ಮೇಲೆದ್ದಿತು. ಆಮೇಲೆ ಅಗಸೆ ಎಣ್ಣೆ, ಬರಿಗೈಯಲ್ಲಿ, ತೆಳ್ಳಗೆ. ಕಬ್ಬಿಣದ ಕಪ್ಪು ಬಣ್ಣ ಅಲ್ಲಲ್ಲಿ ಎದ್ದಿತ್ತು, ಹಾಗೇ ಬಿಟ್ಟೆವು. ಗುಂಡು ಹಾರಿಸುವ ಮೊದಲು ಬಂದೂಕು ಮೆಕ್ಯಾನಿಕ್‌ಗೆ ತೋರಿಸಲೇಬೇಕು ಅಂತ ಅಪ್ಪ ಮೂರು ಸಲ ಹೇಳಿದರು.

ಅಂದಹಾಗೆ, ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಒಣಗುವಾಗ ತಾನಾಗೇ ಕಾದು ಬೆಂಕಿ ಹತ್ತಿಕೊಳ್ಳಬಹುದು. ನಾವು ಬೇಲಿಯ ಮೇಲೆ ಒಂದೊಂದಾಗಿ ಹರಡಿದೆವು. ಕುದುರೆ ಗಾಡಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

ಮುಂದಿನ ಶನಿವಾರ ಒಂಬತ್ತಕ್ಕೆ ಸರಿಯಾಗಿ ಅಪ್ಪನದೇ ಕಾಲ್ ಬಂತು. "ಎಣ್ಣೆ ಒಣಗ್ತಾ? ಕ್ಯಾಮೆರಾ ಹತ್ರ ಹಿಡಿ, ನೋಡಾಣ."