ಚಳಿಗಾಲದ ರಜೆಗೆ ಹೊಳೆಬಾಗಿಲು

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ನಗರದ ಮನೆಗಳಲ್ಲಿ ಒಂದು ಚರ್ಚೆ ತಪ್ಪದೆ ನಡೆಯುತ್ತದೆ. ಮಕ್ಕಳಿಗೆ ಹತ್ತು ದಿನಗಳ ರಜೆ, ತಂದೆಗೆ ಕಚೇರಿಯಿಂದ ನಾಲ್ಕೇ ದಿನಗಳ ಬಿಡುವು. ಹೋಗುವುದೆಲ್ಲಿಗೆ? ಮಕ್ಕಳ ಕಣ್ಣಿನಲ್ಲಿರುವುದು ಕಥೆಯ ಪುಸ್ತಕದಲ್ಲಿ ಕಂಡ ಇಂಗ್ಲೆಂಡಿನ ಹಳ್ಳಿ: ಹಿಮ ಹೊದ್ದ ಮಾಡು, ಹೊಗೆಯಾಡುವ ಹೊಗೆಗೂಡು, ಒಳಗೆ ಉರಿಯುವ ಅಗ್ಗಿಷ್ಟಿಕೆ, ಮನೆಯ ಹಿಂದೊಂದು ಸರೋವರ. ತಂದೆಯ ಕಣ್ಣಿನಲ್ಲಿರುವುದು ಖರ್ಚಿನ ಲೆಕ್ಕ. ತಾಯಿಗೆ ಬೇಕಾದುದು, ನಾಲ್ಕು ದಿನಗಳ ಮಟ್ಟಿಗಾದರೂ ತಾನು ಒಲೆ ಹಚ್ಚಬೇಕಾಗಿಲ್ಲದ ಒಂದು ಸ್ಥಳ.

ಇಂಥದೊಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಆ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿಯೂ ಇದ್ದಾಳೆ ಎಂದಿಟ್ಟುಕೊಳ್ಳೋಣ. ಊಟಿ, ಮಡಿಕೇರಿ, ಮುನ್ನಾರುಗಳ ಹೆಸರುಗಳೆಲ್ಲ ಬಂದು ಹೋದ ಮೇಲೆ ಆಕೆ ಮಗನ ಕಡೆ ತಿರುಗಿ, “ಹೊಳೆಬಾಗ್ಲಿಗೆ ಹೋಗಿ ಬಪ್ಪನ ತಮಾ” ಎನ್ನುತ್ತಾಳೆ. ಆ ಮನೆಯಲ್ಲಿ ಆ ಹೆಸರನ್ನು ಮಕ್ಕಳು ಕೇಳುವುದು ಅದೇ ಮೊದಲು.

ಹೊಳೆಬಾಗಿಲು ದೊಡ್ಡ ಊರಲ್ಲ. ಸಾಗರದಿಂದ ಆವಿನಹಳ್ಳಿಯ ಮೇಲೆ ಹೋಗುವ ರಸ್ತೆ ಅಂಬಾರಗೋಡ್ಲಿನ ಬಳಿ ಶರಾವತಿಯ ಹಿನ್ನೀರಿಗೆ ಇಳಿಯುವಲ್ಲಿರುವ ಕಡವು ಅದು. ಎದುರು ದಡ ಕಳಸವಳ್ಳಿ. ಅದರಾಚೆ ತುಮರಿ, ಸಿಗಂದೂರು, ಕರೂರು-ಬಾರಂಗಿ ಹೋಬಳಿಯ ಹಳ್ಳಿಗಳು. ದಶಕಗಳ ಕಾಲ ಆ ದಡದ ಜನ ಮದುವೆಗೂ ಆಸ್ಪತ್ರೆಗೂ ಪರೀಕ್ಷೆಗೂ ಸಂತೆಗೂ ಈ ಕಡವಿನ ಲಾಂಚನ್ನೇ ನಂಬಿ ಬಾಳಿದರು. ಹೊಳೆಯ ಬಾಗಿಲು ಎಂಬ ಹೆಸರು ಅವರ ಪಾಲಿಗೆ ಅಲಂಕಾರದ ಮಾತಾಗಿರಲಿಲ್ಲ; ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಬಾಗಿಲು ಮುಚ್ಚಿತೆಂದೇ ಅರ್ಥ. ಆಮೇಲೆ ಹೆರಿಗೆಯ ನೋವು ಕಾಣಿಸಿಕೊಂಡ ಹೆಂಗಸನ್ನು ಕಾಡಿನ ದಾರಿಯಲ್ಲಿ ಹತ್ತಾರು ಮೈಲಿ ಸುತ್ತಿಸಿ ಕರೆದೊಯ್ಯಬೇಕಾಗುತ್ತಿತ್ತು.

ಪ್ರವಾಸದ ಸ್ಥಳವನ್ನು ಆರಿಸುವವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದಿದೆ. ಅವರು ಸ್ಥಳವನ್ನು ಕೇಳುತ್ತಾರೆಯೇ ಹೊರತು ಕಾಲವನ್ನು ಕೇಳುವುದಿಲ್ಲ. ಸಾಗರದ ಸೀಮೆ ಎಂದೊಡನೆ ಎಲ್ಲರ ಬಾಯಲ್ಲೂ ಜೋಗ. 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳಾಗಿ ಧುಮುಕುವ ಶರಾವತಿಯನ್ನು ಶ್ರಾವಣದಲ್ಲಿ ಕಂಡವರು ಅದನ್ನು ಮರೆಯಲಾರರು, ನಿಜ. ಆದರೆ ಪುಷ್ಯಮಾಸದಲ್ಲಿ ಹೋದವರಿಗೆ ಕಾಣುವುದು ಬಹುಪಾಲು ಕಪ್ಪು ಬಂಡೆ, ಅದರ ಮೇಲೆ ಬಿಳಿಯ ಎಳೆಗಳು. ನೀರೆಲ್ಲ ಮೇಲೆ ಲಿಂಗನಮಕ್ಕಿಯಲ್ಲಿ ನಿಂತಿರುತ್ತದೆ. ಜೋಗ ಬಡವಾದ ಕಾಲಕ್ಕೆ ಹೊಳೆಬಾಗಿಲು ಶ್ರೀಮಂತ. ಮಳೆಗಾಲದ ನೀರು ತುಂಬಿ, ಕೆಂಪು ಕದಡು ತಿಳಿಯಾಗಿ, ಗುಡ್ಡಗಳ ತಲೆಗಳು ಮಾತ್ರ ನಡುಗಡ್ಡೆಗಳಾಗಿ ಉಳಿದು, ಬೆಳಗಿನ ಮಂಜು ಅವುಗಳ ಸೊಂಟಕ್ಕೆ ಸುತ್ತಿಕೊಂಡಿರುವುದನ್ನು ನೋಡಬೇಕಾದರೆ ಡಿಸೆಂಬರ್-ಜನವರಿಗಳೇ ತಕ್ಕ ಕಾಲ. ಉಂಬಳದ ಕಾಟವೂ ಆಗ ಇರುವುದಿಲ್ಲ. ಮಕ್ಕಳೊಂದಿಗೆ ಹೋಗುವವರಿಗೆ ಇದು ಸಣ್ಣ ಮಾತೇನೂ ಅಲ್ಲ.

ಮಕ್ಕಳ ಪುಸ್ತಕದ ಇಂಗ್ಲೆಂಡಿಗೂ ಒಂದು ಮಾತು ಸಲ್ಲಬೇಕು. ಅಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕು ಗಂಟೆಯ ಹೊತ್ತಿಗೇ ಸೂರ್ಯ ಮುಳುಗಿಬಿಡುತ್ತಾನೆ. ಆದ್ದರಿಂದ ಚಳಿಗಾಲದಲ್ಲಿ ಹಳ್ಳಿಗೆ ಹೊರಡುವ ಇಂಗ್ಲಿಷರು ನೋಟಕ್ಕಿಂತ ಹೆಚ್ಚಾಗಿ ಒಳ್ಳೆಯ ಬೆಂಕಿಯನ್ನೂ ಬೆಚ್ಚನೆಯ ಮನೆಯನ್ನೂ ಹುಡುಕುತ್ತಾರೆ. ಕವಿ ವರ್ಡ್ಸ್‌ವರ್ತ್ ತನ್ನ ತಂಗಿಯೊಡನೆ ಗ್ರಾಸ್‌ಮಿಯರಿನ ಪುಟ್ಟ ಮನೆಗೆ ಬಂದು ನೆಲೆಸಿದ್ದು 1799ರ ಡಿಸೆಂಬರಿನಲ್ಲಿಯೇ. ಆ ಸರೋವರಸೀಮೆಯಲ್ಲಿಯೇ ಹಾಸ್‌ವಾಟರ್ ಎಂಬ ಇನ್ನೊಂದು ನೀರಿದೆ. ಚಿತ್ರಪಟಕ್ಕೆ ಅತಿ ಸುಂದರ. ಅದರ ಅಡಿಯಲ್ಲಿ ಮಾರ್ಡೇಲ್ ಎಂಬ ಹಳ್ಳಿ ಮಲಗಿದೆ. ಮ್ಯಾಂಚೆಸ್ಟರ್ ನಗರಕ್ಕೆ ಕುಡಿಯುವ ನೀರು ಬೇಕೆಂದು 1930ರ ದಶಕದಲ್ಲಿ ಆ ಕಣಿವೆಗೆ ಅಣೆಕಟ್ಟೆ ಕಟ್ಟಿದರು, ಇಗರ್ಜಿಯನ್ನು ಕಳಚಿದರು, ಸ್ಮಶಾನದಲ್ಲಿದ್ದವರನ್ನೂ ಅಗೆದು ತೆಗೆದು ಬೇರೆ ಊರಿನಲ್ಲಿ ಹೂಳಿದರು. 1984ರಂಥ ಬರದ ವರ್ಷಗಳಲ್ಲಿ ಅದರ ಕಲ್ಲುಗೋಡೆಗಳು ನೀರಿನಿಂದ ತಲೆಯೆತ್ತಿದಾಗ ಜನ ಜಾತ್ರೆಗೆಂಬಂತೆ ನೋಡಲು ಬಂದರು.

ಹೊಳೆಬಾಗಿಲಿನ ನೀರೂ ಅದೇ ಜಾತಿಯದು. ಶರಾವತಿಗೆ ಮೊದಲು ಅಣೆಕಟ್ಟೆ ಬಂದದ್ದು ಮಡೆನೂರಿನಲ್ಲಿ. ಹಿರೇಭಾಸ್ಕರ ಎಂದು ಹೆಸರಾದ ಅದು 1948ರ ಹೊತ್ತಿಗೆ ಮುಗಿಯಿತು. 1964ರಲ್ಲಿ ಲಿಂಗನಮಕ್ಕಿ ಸಿದ್ಧವಾದಾಗ ಏರಿದ ನೀರು ಆ ಹಳೆಯ ಅಣೆಕಟ್ಟೆಯನ್ನೇ ನುಂಗಿತು. ನೀರು ತೀರ ಇಳಿದ ಬೇಸಗೆಗಳಲ್ಲಿ ಅದು ಮತ್ತೆ ಕಾಣಿಸಿಕೊಳ್ಳುವುದುಂಟು. ಅಣೆಕಟ್ಟೆಯೇ ಮುಳುಗಿದ ಮೇಲೆ ಅಡಿಕೆತೋಟ, ಗದ್ದೆ, ಮನೆ, ದೇವಸ್ಥಾನಗಳ ಮಾತೇಕೆ? ಸಾಗರ, ಹೊಸನಗರ ತಾಲ್ಲೂಕುಗಳ ಸಾವಿರಾರು ಸಂಸಾರಗಳು ಕೈಗೆ ಬಂದ ಪಾತ್ರೆಪಗಡಿಗಳನ್ನು ಲಾರಿಗೇರಿಸಿ, ಕಾಣದ ಊರುಗಳಿಗೆ ಹೊರಟವು. ಅವರಲ್ಲಿ ಅನೇಕರ ಭೂಮಿಯ ಹಕ್ಕಿನ ಪ್ರಶ್ನೆ ಮಕ್ಕಳ, ಮೊಮ್ಮಕ್ಕಳ ಕಾಲಕ್ಕೂ ಮುಂದುವರಿಯಿತು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ನಾಡಿನ ದೀಪಗಳು ಹೊತ್ತಿಕೊಂಡ ಮೇಲೂ ಹಿನ್ನೀರಿನ ಆಚೆಯ ಮನೆಗಳಲ್ಲಿ ಬಹುಕಾಲ ಉರಿಯುತ್ತಿದ್ದುದು ಸೀಮೆಎಣ್ಣೆಯ ಬುಡ್ಡಿ. ಈ ಕಥೆಯನ್ನು ಹತ್ತಿರದಿಂದ ಬಲ್ಲವರು ಸಾಗರದ ನಾ. ಡಿಸೋಜರು. ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದ ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಬರೆದರು. 2025ರ ಜನವರಿಯಲ್ಲಿ ತೀರಿಕೊಂಡರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಚಲನಚಿತ್ರವಾಗಿಸಿದರು.

ಅಜ್ಜಿ ಏಕೆ ಹೊಳೆಬಾಗಿಲಿನ ಹೆಸರೆತ್ತಿದಳೆಂಬುದು ಈಗ ವಾಚಕರಿಗೆ ಹೊಳೆದಿರಬೇಕು. ಆಕೆ ಊರು ಬಿಟ್ಟಾಗ ಹತ್ತು ವರ್ಷದ ಹುಡುಗಿ.

ಹೋಗುವುದೆಂದು ನಿಶ್ಚಯವಾದ ಮೇಲೆ ಅವಸರ ಬೇಡ. ಸಾಗರದಲ್ಲಿ ಒಂದು ದಿನ ನಿಲ್ಲಬೇಕು. ಕೆಳದಿಯ ರಾಮೇಶ್ವರ, ಇಕ್ಕೇರಿಯ ಅಘೋರೇಶ್ವರ, ಆಮೇಲೆ ಹೊಸನಗರ ತಾಲ್ಲೂಕಿನ ನಗರದ ಕೋಟೆ, ಇವನ್ನು ಇದೇ ಕ್ರಮದಲ್ಲಿ ನೋಡುವುದು ಲೇಸು. ಕೆಳದಿಯ ನಾಯಕರ ರಾಜಧಾನಿ ನಡೆದುಹೋದ ದಾರಿಯೇ ಅದು. ಬಿದನೂರೆಂದು ಮೆರೆದ ನಗರ 1763ರಲ್ಲಿ ಹೈದರಾಲಿಯ ಕೈಸೇರಿತು. ತೀರ್ಥಹಳ್ಳಿಯ ಕಡೆಗೆ ಹೊರಳುವವರು ಕುಪ್ಪಳಿಯನ್ನು ಬಿಡಲಾರರು. ಎಳ್ಳಮಾವಾಸ್ಯೆಗೆ ಸರಿಯಾಗಿ ಹೋದರೆ ತುಂಗೆಯಲ್ಲಿ ರಾಮೇಶ್ವರನ ತೆಪ್ಪೋತ್ಸವವೂ ದೊರೆಯುತ್ತದೆ. ಶರಾವತಿ ಹುಟ್ಟುವ ಅಂಬುತೀರ್ಥವೂ ಅದೇ ತಾಲ್ಲೂಕಿನದು. ತೀರ್ಥಹಳ್ಳಿಯಲ್ಲಿ ಹುಟ್ಟಿ, ಹೊಸನಗರವನ್ನು ಹಾದು, ಸಾಗರದಲ್ಲಿ ಕಟ್ಟೆಗೆ ಸಿಕ್ಕಿಬಿದ್ದ ಹೊಳೆ ಇದು.

ಇಷ್ಟನ್ನೂ ನಾಲ್ಕು ದಿನಗಳಲ್ಲಿ ತುರುಕಬೇಕೆಂಬ ಹಟವನ್ನು ಮಾತ್ರ ತಂದೆ ಬಿಡಬೇಕು. ಈ ಸೀಮೆಯ ಚಳಿಗಾಲ ಇರುವುದು ಕೋಟೆಗಳಲ್ಲಲ್ಲ, ಅಂಗಳಗಳಲ್ಲಿ. ಇದು ಅಡಿಕೆಯ ಕೊಯ್ಲಿನ ಕಾಲ. ಹಗಲು ಕೊನೆಗಾರ ಮರದಿಂದ ಮರಕ್ಕೆ ತೂಗಿ ಹಾಯ್ದು ಗೊನೆ ಇಳಿಸುತ್ತಾನೆ. ರಾತ್ರಿ ದೀಪದ ಸುತ್ತ ಮೆಟ್ಟುಗತ್ತಿಗಳ ಸಾಲು. ಸುಲಿಯುವ ಕೈಗಳಿಗೆ ಬಿಡುವಿಲ್ಲ, ಬಾಯಿಗಂತೂ ಮೊದಲೇ ಇಲ್ಲ. ಹಂಡೆಯಲ್ಲಿ ಅಡಿಕೆ ಬೇಯುವಾಗ ಏಳುವ ಚೊಗರಿನ ಒಗರು ವಾಸನೆಯನ್ನು ಯಾವ ಕ್ಯಾಮೆರಾವೂ ಮನೆಗೆ ತಂದುಕೊಡದು. ಕಬ್ಬಿನ ಆಲೆಮನೆ ಹೂಡಿದ್ದರಂತೂ ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಕಬ್ಬಿನ ಹಾಲಿನ ಹಿಟ್ಟನ್ನು ಬೋರಲು ಹಾಕಿದ ಮಡಕೆಯ ಬೆನ್ನಿಗೆ ಬಳಿದು, ಬಟ್ಟೆಯಂತೆ ತೆಳ್ಳಗೆ ಎಬ್ಬಿಸುವ ತೊಡೆದೇವನ್ನು ಒಲೆಯ ಪಕ್ಕದಲ್ಲೇ ಕುಳಿತು ತಿನ್ನಬೇಕು. ಮಕ್ಕಳು ಕೇಳಿದ ಅಗ್ಗಿಷ್ಟಿಕೆ ಇದಕ್ಕಿಂತ ಹೆಚ್ಚಿನದೇನನ್ನು ಕೊಟ್ಟೀತು? ಈಗ ಇಲ್ಲಿನ ಅನೇಕ ಮನೆಗಳವರು ಅತಿಥಿಗಳಿಗೆ ಕೋಣೆ ಕೊಡುತ್ತಾರೆ. ಆರಿಸುವಾಗ ಈಜುಕೊಳವಿದೆಯೇ ಎಂದು ಕೇಳುವುದಕ್ಕಿಂತ ಅಂಗಳದಲ್ಲಿ ಅಡಿಕೆ ಹರವಿದ್ದಾರೆಯೇ ಎಂದು ಕೇಳುವುದು ಮೇಲು. ಸಂಕ್ರಾಂತಿಯ ಎರಡು ದಿನ ಸಿಗಂದೂರಿನಲ್ಲಿ ಚೌಡೇಶ್ವರಿಯ ಜಾತ್ರೆ. ಜನಜಂಗುಳಿ ಒಲ್ಲದವರು ಅದಕ್ಕೆ ಮೊದಲೇ ಹೋಗಿಬರುವುದು ಒಳಿತು. ಇನ್ನೊಂದು ಎಚ್ಚರಿಕೆ: ಹಿನ್ನೀರು ಎಷ್ಟೇ ಶಾಂತವಾಗಿ ಕಂಡರೂ ಮಕ್ಕಳನ್ನು ಅದರಲ್ಲಿ ಇಳಿಸಬಾರದು. ಅಡಿಯಲ್ಲಿ ಹಳೆಯ ಕಾಡಿನ ಬೊಡ್ಡೆಗಳಿವೆ. ಒಂದು ಹೆಜ್ಜೆ ಮೊಣಕಾಲುದ್ದವಿದ್ದರೆ ಮುಂದಿನದು ಆಳುದ್ದ.

ಹೊಳೆಬಾಗಿಲಿಗೆ ಬೆಳಿಗ್ಗೆಯೇ ಹೋಗಬೇಕು. ಈಗ ಅಲ್ಲಿ ಹೊಸದೊಂದು ನೋಟವಿದೆ. 2025ರ ಜುಲೈ 14ರಂದು ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, ಕಂಬಗಳಿಂದ ಉಕ್ಕಿನ ಹುರಿಗಳಲ್ಲಿ ತೂಗಿದ ಎರಡು ಕಿಲೋಮೀಟರಿಗೂ ಮೀರಿದ ಸೇತುವೆ ತೆರೆಯಿತು. ಆಚೆ ದಡದವರು ಇದಕ್ಕಾಗಿ ಅರ್ಜಿ ಬರೆದು, ಧರಣಿ ಕುಳಿತು, ಎರಡು ತಲೆಮಾರು ಕಾದಿದ್ದರು. ಲಾಂಚಿನ ಸೊಗಸು ಹೋಯಿತೆಂದು ಮರುಗುವ ಪ್ರವಾಸಿಗರಿದ್ದಾರೆ. ವರ್ಷಕ್ಕೊಮ್ಮೆ ಲಾಂಚ್ ಹತ್ತುವವರಿಗೆ ಅದು ಸೊಗಸು. ರಾತ್ರಿ ಮಗುವಿಗೆ ಜ್ವರವೇರಿದಾಗ ದಡದಲ್ಲಿ ನಿಂತವರಿಗೆ ಅದು ಹಾಗೆ ಕಂಡಿರಲಾರದು. ಸೇತುವೆಯಿಂದ ಒಂದು ನಷ್ಟವಂತೂ ಉಂಟು. ಹಿಂದೆ ಲಾಂಚಿಗೆ ಕಾಯುವ ನೆವದಿಂದ ಎಲ್ಲರೂ ಆ ನೀರನ್ನು ಅರ್ಧ ಗಂಟೆಯಾದರೂ ನೋಡುತ್ತಿದ್ದರು. ಈಗ ಕಾರುಗಳು ಕೆಲವೇ ನಿಮಿಷಗಳಲ್ಲಿ ದಾಟಿಬಿಡುತ್ತವೆ.

ಆ ಸಂಸಾರದ ಕಾರು ಹಾಗೆ ದಾಟದೆ ಹಳೆಯ ಕಡವಿನ ದಾರಿ ಹಿಡಿದು ದಡದಲ್ಲಿ ನಿಲ್ಲಲಿ. ಮಂಜು ಮೆಲ್ಲನೆ ಏಳುತ್ತಿದೆ. ತಂದೆ ಸೇತುವೆಯ ಚಿತ್ರ ತೆಗೆಯುತ್ತಿದ್ದಾನೆ. ಅಜ್ಜಿ ಸೊಸೆಯ ತೋಳು ಹಿಡಿದು ನೀರಿನಂಚಿನ ತನಕ ಇಳಿದು, ಎಡಗಡೆಯ ನಡುಗಡ್ಡೆಯೊಂದನ್ನು ಬಹಳ ಹೊತ್ತು ನೋಡುತ್ತಾಳೆ. “ಅದು ನಮ್ಮ ಮನೆ ಹಿಂದಿನ ಗುಡ್ಡ. ಅದರ ನೆತ್ತಿಗೆ ದನ ಹೊಡಕೊಂಡು ಹೋಪಲೆ ಅರ್ಧ ದಿನ ಬೇಕಾಗಿತ್ತು” ಎನ್ನುತ್ತಾಳೆ. ಮೊಮ್ಮಗಳು ನಡುಗಡ್ಡೆಯನ್ನು ನೋಡುತ್ತಾಳೆ. ಅದು ನೀರಿನಿಂದ ಎರಡಾಳಿನಷ್ಟೂ ಮೇಲಿಲ್ಲ. ಹುಡುಗಿ ಮನಸ್ಸಿನಲ್ಲಿಯೇ ಏನನ್ನೋ ಅಳೆದು, ಬಗ್ಗಿ ನೀರಿನೊಳಕ್ಕೆ ಇಣುಕುತ್ತಾಳೆ.