ಒಡಪಿನೊಳಗಿನ ಮೆಚ್ಚುಗೆ

ವಿರಕ್ತನಾದವನಿಗೆ ದಾಂಪತ್ಯದ ಮಾತೇಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಹೊಳೆಯ ಸೆಳವು ಎಲ್ಲಿದೆಯೆಂಬುದು ದಡದಲ್ಲಿ ನಿಂತವನಿಗೂ ಕಾಣುತ್ತದೆ. ಮಠಕ್ಕೆ ಬರುವ ಸದ್ಭಕ್ತರಲ್ಲಿ ಹರಕೆ ಹೊತ್ತು ಬರುವವರಂತೆ ಮನಸ್ತಾಪ ಹೊತ್ತು ಬರುವ ದಂಪತಿಗಳೂ ಉಂಟು. ಅವರ ಮಾತುಗಳನ್ನು ಹಲವು ವರುಷಗಳಿಂದ ಕೇಳುತ್ತ ಬಂದ ನಮಗೆ ಒಂದು ಸಂಗತಿ ಮನವರಿಕೆಯಾಗಿದೆ. ಬಡತನದಿಂದ ಒಡೆದ ಮನೆಗಳಿಗಿಂತ ಬಿಗುಮಾನದಿಂದ ಒಡೆದ ಮನೆಗಳನ್ನೇ ನಾವು ಹೆಚ್ಚಾಗಿ ಕಂಡಿದ್ದೇವೆ. ಗಂಡನು ಹೆಂಡತಿಯನ್ನು, ಹೆಂಡತಿಯು ಗಂಡನನ್ನು ಮನಸ್ಸಿನಲ್ಲಿ ಮೆಚ್ಚಿರುತ್ತಾರೆ, ಬಾಯಿಬಿಟ್ಟು ಹೇಳಿರುವುದಿಲ್ಲ. ಹೇಳದ ಮೆಚ್ಚುಗೆ ಹೂಳಿಟ್ಟ ಹೊನ್ನಿನಂತೆ. ಇದ್ದರೂ ಮನೆಯ ಖರ್ಚಿಗೆ ಒದಗದು.

ಈ ಬಿಗುಮಾನವನ್ನು ನಮ್ಮ ಹಿರಿಯರು ಅರಿಯದವರಲ್ಲ. ಅವರು ರೂಢಿಸಿಕೊಂಡು ಬಂದ ಒಡಪು ಎಂಬ ಪದ್ಧತಿಯನ್ನು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ಗಂಡನ ಹೆಸರನ್ನು ಹೆಂಡತಿಯಾದವಳು ಎತ್ತಬಾರದೆಂಬುದು ಹಿಂದಿನ ಕಟ್ಟಳೆ. ಆದರೆ ಮದುವೆಯಲ್ಲಿ, ಕುಬಸದಲ್ಲಿ, ಹೊಸ ಸೊಸೆ ಮನೆ ತುಂಬುವಾಗ ನೆರೆದ ಹೆಣ್ಣುಮಕ್ಕಳು ಬಾಗಿಲಿಗೆ ಅಡ್ಡವಾಗಿ ನಿಂತು, ಹೆಸರು ಹೇಳಿದ ಹೊರತು ಒಳಗೆ ಬಿಡೆವೆಂದು ಹಟ ಹಿಡಿಯುತ್ತಾರೆ. ಆಗ ಅವಳು ಪ್ರಾಸಬದ್ಧವಾದ ಎರಡು ಮಾತು ಕಟ್ಟಿ, ಅದರೊಳಗೆ ಗಂಡನ ಹೆಸರನ್ನು ಪೋಣಿಸಿ ಹೇಳಬೇಕು. ಮದುಮಗನಿಗೂ ಇದು ತಪ್ಪಿದ್ದಲ್ಲ. ನೆರೆಯ ಮಹಾರಾಷ್ಟ್ರದಲ್ಲಿ ಇಂಥದನ್ನೇ ಉಖಾಣೆ ಎನ್ನುತ್ತಾರೆ.

ಇದರ ಜಾಣ್ಮೆಯನ್ನು ನೋಡಿರಿ. "ನನ್ನವರು ಬಲು ಒಳ್ಳೆಯವರು" ಎಂದು ಹೊಸ ಮದುವಣಗಿತ್ತಿ ನೇರವಾಗಿ ನುಡಿದರೆ ಕೇಳಿದವರು ಆಡಿಕೊಂಡಾರು. ಅದನ್ನೇ ಒಡಪಿನಲ್ಲಿ ನುಡಿದರೆ ಕೂಡಿದವರೆಲ್ಲ ನಕ್ಕು ಒಪ್ಪುತ್ತಾರೆ. ನಾಚಿಕೆಯೂ ಉಳಿಯಿತು, ಮೆಚ್ಚುಗೆಯೂ ಹೊರಬಿದ್ದಿತು. ಉರುಟಣೆ, ಭೂಮದ ಊಟ, ಬೀಗರನ್ನು ಕೆಣಕುವ ಹಾಡು, ಇವೆಲ್ಲವೂ ಇದೇ ಬಗೆಯವು. ನಿನ್ನೆಯವರೆಗೆ ಒಬ್ಬರನ್ನೊಬ್ಬರು ಅರಿಯದ ಇಬ್ಬರು ಒಂದೇ ಎಡೆಯಲ್ಲಿ ಉಣ್ಣಬೇಕು, ಒಬ್ಬರ ಕೆನ್ನೆಗೆ ಒಬ್ಬರು ಅರಿಷಿಣ ಹಚ್ಚಿ ನಗಬೇಕು. ಮಂತ್ರವು ಕೈಗೆ ಕೈ ಕೂಡಿಸಿದರೆ ಮನಸ್ಸಿಗೆ ಮನಸ್ಸನ್ನು ಕೂಡಿಸುವ ಕೆಲಸವನ್ನು ಹಿರಿಯರು ನಗೆಗೆ ಒಪ್ಪಿಸಿದಂತೆ ತೋರುತ್ತದೆ.

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ರಸಗಳನ್ನು ವಿವರಿಸುವಾಗ ಹಾಸ್ಯವು ಶೃಂಗಾರದಿಂದ ಹುಟ್ಟುತ್ತದೆ ಎಂದಿದ್ದಾನೆ. ಆತನ ಕಣ್ಣು ರಂಗದ ಮೇಲಿದ್ದಿತು. ಆದರೆ ಮಾತು ಮನೆಗೂ ಸಲ್ಲುತ್ತದೆ. ವಿದ್ಯಾರ್ಥಿದೆಸೆಯಲ್ಲಿ ಅದನ್ನು ನಾವು ಪರೀಕ್ಷೆಗಾಗಿ ಓದಿದೆವು. ಅದರ ಸ್ವಾರಸ್ಯ ತಿಳಿದದ್ದು ಭಕ್ತರ ಮನೆಗಳ ಪಡಸಾಲೆಯಲ್ಲಿ. ಅದೇ ಭರತನು ನಗೆಯಲ್ಲಿ 6 ಬಗೆಗಳನ್ನು ಹೇಳಿ, ಸ್ಮಿತ ಹಸಿತಗಳನ್ನು ಉತ್ತಮರಿಗೂ, ವಿಹಸಿತ ಉಪಹಸಿತಗಳನ್ನು ಮಧ್ಯಮರಿಗೂ, ಅಪಹಸಿತ ಅತಿಹಸಿತಗಳನ್ನು ಅಧಮರಿಗೂ ಹಂಚಿದ್ದಾನೆ. ನಗೆಯೆಲ್ಲವೂ ಒಂದೇ ಅಲ್ಲವೆಂಬುದನ್ನು ಇದರಿಂದ ತಿಳಿಯಬೇಕು.

ಹೆಂಡತಿಯ ಅಡುಗೆ, ಅವಳ ಸೀರೆಯ ಆಸೆ, ಅವಳ ತವರಿನ ಹಂಬಲ, ಇವನ್ನು ಹಿಡಿದು ಹುಟ್ಟಿದ ನಗೆಹನಿಗಳು ಒಂದು ಕಾಲಕ್ಕೆ ಪತ್ರಿಕೆಗಳಲ್ಲಿ ಬರುತ್ತಿದ್ದವು. ಇಂದು ಕೈಯಲ್ಲಿರುವ ಮೊಬೈಲಿನಲ್ಲಿ ಬರುತ್ತಿವೆ. ಹತ್ತು ಜನರ ನಡುವೆ ಗಂಡನು ಅಂಥದೊಂದನ್ನು ಹೇಳುತ್ತಾನೆ. ಎಲ್ಲರೂ ನಗುತ್ತಾರೆ. ಬದಿಯಲ್ಲಿ ಕುಳಿತ ಹೆಂಡತಿಯೂ ತುಟಿ ಅರಳಿಸುತ್ತಾಳೆ. ಮನೆಗೆ ಮರಳುವ ದಾರಿಯಲ್ಲಿ ಮಾತ್ರ ಅವಳು ಮೌನಿ. ಅದು ವಿನೋದವಲ್ಲ, ವಿನೋದದ ವೇಷ ತೊಟ್ಟ ದೂರು. ಹೆಂಡತಿಯು ನೆರೆಯವರ ಮುಂದೆ ಗಂಡನ ಸಂಬಳವನ್ನು ಹಾಸ್ಯ ಮಾಡಿದರೂ ಇದೇ ಮಾತು. ಒರೆಗಲ್ಲು ಸರಳವಾದುದು: ಯಾರನ್ನು ಕುರಿತು ನಗೆಯಾಡಿದೆವೋ ಅವರು ಎಲ್ಲರಿಗಿಂತ ಮೊದಲು ನಕ್ಕರೆ ಅದು ಒಳ್ಳೆಯ ನಗೆ, ಎಲ್ಲರಿಗಿಂತ ಕೊನೆಗೆ ನಕ್ಕರೆ ಅದು ಗಾಯ. ಇನ್ನು ಕೈ ಎತ್ತುವ ಗಂಡನು ಮರುದಿನ ನಗೆಯಾಡಿ ಮುಚ್ಚಿಕೊಳ್ಳಬಹುದೆಂದು ಯಾರೂ ತಿಳಿಯದಿರಲಿ. ಅಲ್ಲಿ ಬೇಕಾದುದು ಹಾಸ್ಯವಲ್ಲ. ಹಿರಿಯರ ಹಾಗೂ ಕಾನೂನಿನ ರಕ್ಷಣೆ.

ಒಳ್ಳೆಯ ನಗೆ ಹೇಗಿರುತ್ತದೆ ಎಂಬುದಕ್ಕೆ ನಾವು ಕಣ್ಣಾರೆ ಕಂಡ ದಂಪತಿಗಳನ್ನು ನೆನೆಯುತ್ತೇವೆ. ಮಠದ ವಿದ್ಯಾರ್ಥಿನಿಲಯದಲ್ಲಿ ಓದಿ, ಶಿಕ್ಷಕರಾಗಿ ನಿವೃತ್ತರಾದ ಹಿರಿಯರು ಅವರು. ಪಾರ್ಶ್ವವಾಯು ಬಡಿದು ಅವರ ಮಾತು ನಿಂತಿತು. ಪರಿಚಯದ ಹೆಸರುಗಳನ್ನು ಪದೇ ಪದೇ ಹೇಳಿಸಿರೆಂದು ವೈದ್ಯರು ತಿಳಿಸಿದ್ದರು. ನಾವು ನೋಡಲು ಹೋದಾಗ ಅವರು ಬಹಳ ಪ್ರಯಾಸದಿಂದ ಪತ್ನಿಯ ಹೆಸರನ್ನು ಉಚ್ಚರಿಸಿದರು. ಆ ತಾಯಿ ಸೆರಗಿನಿಂದ ಅವರ ಬಾಯೊರೆಸುತ್ತ, "ಬುದ್ಧೀ, ಐವತ್ತು ವರ್ಷ 'ಏ ಇವಳೇ' ಅಂತ ಕರೆದವರು ಈಗ ಡಾಕ್ಟರ ಚೀಟಿಗೆ ಹೆದರಿ ಹೆಸರು ಹಿಡಿದು ಕರೀತಾರ. ಒಡಪು ಒಂದು ಬಾಕಿ ಉಳಿದೈತಿ" ಎಂದರು. ಹಿರಿಯರ ಸೊಟ್ಟಗಾದ ತುಟಿಯಲ್ಲಿ ನಗೆ ಮೂಡಿತು. ಅವರು ಮತ್ತೊಮ್ಮೆ, ವೈದ್ಯರ ಅಪ್ಪಣೆ ಇಲ್ಲದೆಯೇ, ಆ ಹೆಸರನ್ನು ಹೇಳಿದರು. ದುಃಖವು ತುಂಬಿದ್ದ ಆ ಕೋಣೆಯಲ್ಲಿ ಅಷ್ಟು ಹೊತ್ತು ರೋಗಿಯೂ ಇರಲಿಲ್ಲ, ಸೇವಕಿಯೂ ಇರಲಿಲ್ಲ, ಗಂಡಹೆಂಡಿರಿದ್ದರು.

ಮೆಚ್ಚುಗೆಯೆಂದರೆ ಹೊಗಳಿಕೆ ಮಾತ್ರವಲ್ಲ. ಮಾತಿಗೆ ಬೆಲೆ ಕೊಡುವುದು. 12ನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನ ಕಥೆ ಎಲ್ಲರೂ ಬಲ್ಲದ್ದು. ಒಂದು ದಿನ ಆತ ಅಗತ್ಯಕ್ಕಿಂತ ಹೆಚ್ಚು ತಂದಾಗ, ಇದು ನಮಗೆ ತರವಲ್ಲ, ಸುರಿದು ಬನ್ನಿರೆಂದು ಲಕ್ಕಮ್ಮ ಹೇಳಿದಳು. ಆತ ಹಾಗೆಯೇ ಮಾಡಿದ. ಹೆಂಡತಿಯ ಮಾತು ಕೇಳಿದನೆಂದು ಅವನನ್ನು ಯಾರೂ ಹಳಿಯಲಿಲ್ಲ. ಇಬ್ಬರ ವಚನಗಳೂ ಉಳಿದು ಬಂದಿವೆ.

ಶಿವಗಣಾರಾಧನೆಯ ಸಭೆಗಳಲ್ಲಿ ಎಷ್ಟೋ ಗಂಡಂದಿರು ಅಗಲಿದ ಪತ್ನಿಯ ಗುಣಗಳನ್ನು ಎಣಿಸಿ ಕಣ್ಣೀರಿಡುವುದನ್ನು ನಾವು ಕಂಡಿದ್ದೇವೆ. ಆ ಮಾತುಗಳು ನಿಜವಾದವೇ. ಕೇಳಬೇಕಾದವಳೊಬ್ಬಳನ್ನು ಬಿಟ್ಟು ಊರಿನವರೆಲ್ಲ ಅವನ್ನು ಕೇಳುತ್ತಿರುತ್ತಾರೆ.

ಇಂದಿನ ಕಲ್ಯಾಣಮಂಟಪಗಳಲ್ಲಿ ಛಾಯಾಚಿತ್ರಕ್ಕೆ ಗಂಟೆಗಟ್ಟಲೆ ಸಮಯವಿದೆ, ಒಡಪಿಗೆ ಪುರಸೊತ್ತಿಲ್ಲ. ಮನೆಯ ಹಿರಿಯ ತಾಯಂದಿರು ಇನ್ನು ಮೇಲೆ ಬಾಗಿಲಿಗೆ ಅಡ್ಡ ನಿಲ್ಲಲಿ. ಮದುಮಕ್ಕಳಿಬ್ಬರಿಂದಲೂ ಹೆಸರು ಹೇಳಿಸಲಿ. ಮದುವೆಯಾಗಿ 20, 30 ವರುಷ ಸಂದವರೂ ಇಂದಿನ ರಾತ್ರಿ ಊಟಕ್ಕೆ ಕುಳಿತಾಗ ಒಂದು ಒಡಪು ಕಟ್ಟಿ ನೋಡಲಿ. ಪ್ರಾಸ ಕೂಡದಿದ್ದರೆ ಚಿಂತೆಯಿಲ್ಲ. ಅದಕ್ಕಾಗಿಯೂ ಇಬ್ಬರು ಕೂಡಿ ನಗಬಹುದು.